ಊರ ನಡುವಣ ವಸತಿ ವಿಲಾಸವೆ?

ಶಾಲಾ ಪ್ರವಾಸದ ಮಾತು ಎದ್ದಾಗಲೆಲ್ಲ ನಮ್ಮ ಕಡೆಯ ಸಭೆಗಳಲ್ಲಿ ಒಂದು ವಾದ ತಪ್ಪದೆ ಕೇಳಿಬರುತ್ತದೆ. “ಹೊಸೂರಿನಿಂದ ಬೆಂಗಳೂರಿಗೆ 40 ಕಿಲೋಮೀಟರು. ಬೆಳಿಗ್ಗೆ ಹೊರಟು ರಾತ್ರಿ ಮರಳಬಹುದು. ಇಷ್ಟು ಸಮೀಪದ ಊರಿನಲ್ಲಿ ಹೋಟೆಲು ಹಿಡಿದು ಮಕ್ಕಳ ಹಣವನ್ನೇಕೆ ಸುರಿಯಬೇಕು?” ಇದನ್ನು ಕೇಳಿ ತಲೆದೂಗುವವರೇ ಹೆಚ್ಚು. ಇನ್ನು ಕೆಲವರು ಸ್ವಲ್ಪ ಉದಾರಿಗಳು. ತಂಗಲೇಬೇಕೆಂದರೆ ಊರ ಹೊರಗೆ ಕಲ್ಯಾಣಮಂಟಪವೊಂದು ಅಗ್ಗಕ್ಕೆ ದೊರೆಯುತ್ತದೆ, ಅದು ಸಾಲದೆ ಎನ್ನುತ್ತಾರೆ. ಈ ಎರಡು ವಾದಗಳನ್ನೂ ನಾವು ಒಪ್ಪಲಾರೆವು. ಹಳ್ಳಿಯ ಕನ್ನಡ ಶಾಲೆಯ ಮಗು ಬೆಂಗಳೂರಿಗೆ ಹೋದರೆ ಅಲ್ಲಿ ಒಂದು ರಾತ್ರಿಯಾದರೂ ತಂಗಬೇಕು. ತಂಗುವ ತಾವು ರೈಲು ನಿಲ್ದಾಣಕ್ಕೂ ಬಸ್ ನಿಲ್ದಾಣಕ್ಕೂ ನೋಡತಕ್ಕ ಸ್ಥಳಗಳಿಗೂ ಕಾಲ್ನಡಿಗೆಯ ಅಳತೆಯಲ್ಲಿರಬೇಕು. ಇದು ವಿಲಾಸವಲ್ಲ, ಪಾಠದ ಒಂದು ಭಾಗ.

ಮೊದಲು ಆ 40 ಕಿಲೋಮೀಟರಿನ ಲೆಕ್ಕವನ್ನೇ ನೋಡೋಣ. ಅದು ಹೊಸೂರು ಪೇಟೆಯವರ ಲೆಕ್ಕ. ಅಂಚೆಟ್ಟಿಯ ಮಗು ಮೊದಲು ಡೆಂಕಣಿಕೋಟೆಗೆ ಬರಬೇಕು, ಅಲ್ಲಿಂದ ಹೊಸೂರಿಗೆ, ಅಲ್ಲಿಂದ ಗಡಿ ದಾಟಿ ಅತ್ತಿಬೆಲೆಗೆ. ಆಮೇಲೆ ತಾನೆ ಬೆಂಗಳೂರಿನ ವಾಹನಗಳ ಸಾಲು ಮೊದಲಾಗುವುದು! ಪೆನ್ನಾಗರದ ಕಡೆಯ ಮಕ್ಕಳಿಗಂತೂ ಧರ್ಮಪುರಿಯಿಂದಾಚೆಗೇ ಸುಮಾರು 130 ಕಿಲೋಮೀಟರು. ನಸುಕಿನಲ್ಲಿ ಎಬ್ಬಿಸಿದ ಕೂಸು ಅರ್ಧ ದಾರಿಯಲ್ಲಿ ವಾಂತಿ ಮಾಡಿಕೊಂಡು, ನಡುಹಗಲಿನಲ್ಲಿ ಊರು ಮುಟ್ಟಿ, ವಿಧಾನಸೌಧವನ್ನು ಬಸ್ಸಿನ ಕಿಟಕಿಯಿಂದ ಕಂಡು, ಕತ್ತಲಾಗುವ ಮುನ್ನ ಮತ್ತೆ ಅದೇ ಬಸ್ಸಿನಲ್ಲಿ ನಿದ್ದೆಹೋಗುತ್ತದೆ. ಮರುದಿನ “ನೀನು ಕಂಡ ಬೆಂಗಳೂರು” ಎಂದು ಪ್ರಬಂಧ ಬರೆಸಿದರೆ ಅದು ಏನನ್ನು ಬರೆಯಬೇಕು? ಮುಂದಿನ ಆಸನದ ಬೆನ್ನನ್ನೇ? 2025ರ ಆಗಸ್ಟಿನಲ್ಲಿ ಬೊಮ್ಮಸಂದ್ರದವರೆಗೆ ಮೆಟ್ರೋ ರೈಲು ಬಂದಿತು, ಇನ್ನು ಚಿಂತೆಯಿಲ್ಲ ಎಂಬ ಮಾತೂ ಈಚೆಗೆ ಕೇಳಿಬರುತ್ತಿದೆ. ಬಂದದ್ದು ಸಂತೋಷ. ಆದರೆ ಮೂವತ್ತು ಮಕ್ಕಳನ್ನು ಎಣಿಸಿಕೊಂಡು ಹತ್ತಿಸಿ, ಆರ್.ವಿ. ರಸ್ತೆಯಲ್ಲಿ ಇಳಿಸಿ, ಎಣಿಸಿ, ಇನ್ನೊಂದು ಮಾರ್ಗಕ್ಕೆ ಹತ್ತಿಸಿ, ಸಂಜೆ ಆ ಎಣಿಕೆಯನ್ನೆಲ್ಲ ತಿರುಗುಮುರುಗಾಗಿ ಮಾಡುವ ಉಪಾಧ್ಯಾಯರನ್ನು ಯಾರಾದರೂ ವಿಚಾರಿಸಿದ್ದಾರೆಯೆ?

ಊರ ಹೊರಗಿನ ಅಗ್ಗದ ಮಂಟಪವೂ ಇದೇ ಜಾತಿಯದು. ಬಾಡಿಗೆಯಲ್ಲಿ ಉಳಿದದ್ದು ಬಸ್ಸಿನ ಬಾಡಿಗೆಗೆ ಹೋಗುತ್ತದೆ. ಬಸ್ಸಿಗೆ ಹೋಗದೆ ಉಳಿದದ್ದು ಹೊತ್ತಿನ ರೂಪದಲ್ಲಿ ಹೋಗುತ್ತದೆ. ಹಣವಾದರೂ ಮತ್ತೆ ಹುಟ್ಟೀತು. ಎರಡು ದಿನದ ಪ್ರವಾಸದಲ್ಲಿ ಕಳೆದ ನಾಲ್ಕು ಗಂಟೆಯನ್ನು ಯಾವ ಖಜಾನೆಯೂ ತುಂಬಿಕೊಡಲಾರದು.

ಊರ ನಡುವೆ ತಂಗಿದರೆ ಆಗುವುದೇನು? ಮೆಜೆಸ್ಟಿಕ್ಕಿನ ಸುತ್ತಣ ಬೀದಿಗಳಲ್ಲಿ ಎಲ್ಲಿಯಾದರೂ ಒಂದು ಸಾಧಾರಣ ವಸತಿಗೃಹವನ್ನು ಹಿಡಿದಿರೆನ್ನಿ. ಬಾಗಿಲಿನಿಂದ ಹೊರಟು ಅರ್ಧ ಗಂಟೆ ನಡೆದರೆ ಚಿಕ್ಕಪೇಟೆ, ಅವೆನ್ಯೂ ರಸ್ತೆ, ಕೃಷ್ಣರಾಜೇಂದ್ರ ಮಾರುಕಟ್ಟೆ. ಅಕ್ಕಿಪೇಟೆ, ಬಳೆಪೇಟೆ, ಅರಳೆಪೇಟೆಗಳ ಹೆಸರನ್ನು ಮಕ್ಕಳಿಂದಲೇ ಓದಿಸಿ. ಯಾವ ಪೇಟೆಯಲ್ಲಿ ಹಿಂದೆ ಏನು ಮಾರುತ್ತಿದ್ದರೆಂದು ಅವರೇ ಹೇಳಿಯಾರು. ಮಾರುಕಟ್ಟೆಯ ಮಗ್ಗುಲಲ್ಲಿ ಕೋಟೆಯ ಉಳಿದ ಭಾಗ, ಅಲ್ಲಿಂದ ನಾಲ್ಕು ಹೆಜ್ಜೆಗೆ ಟಿಪ್ಪುವು 1791ರಲ್ಲಿ ಮುಗಿಸಿದ ಮರದ ಕಂಬಗಳ ಅರಮನೆ. ಚಾಮರಾಜಪೇಟೆಗೆ ಹೊರಳಿದರೆ 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತು. ಇತ್ತ ಪೂರ್ವದ ದಿಕ್ಕಿಗೆ ನಡೆದರೆ ಸೆಂಟ್ರಲ್ ಕಾಲೇಜು. ಹೊಸೂರಿನ ಬಳಿಯ ತೊರಪಳ್ಳಿಯಲ್ಲಿ ಹುಟ್ಟಿ, ಸೇಲಂನಲ್ಲಿ ವಕೀಲಿ ಮಾಡಿ, ಸ್ವತಂತ್ರ ಭಾರತದ ಗವರ್ನರ್ ಜನರಲ್ ಆದ ರಾಜಾಜಿಯವರು ಓದಿದ್ದು ಇಲ್ಲಿಯೇ ಎಂದರೆ ನಮ್ಮ ಮಕ್ಕಳ ಕಣ್ಣು ಅರಳದೆ ಇದ್ದೀತೆ? ಮುಂದೆ ವಿಧಾನಸೌಧ, ಕಬ್ಬನ್ ಉದ್ಯಾನ, 1962ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ. ಅದರ ನೆರೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದ ಆತಕೂರಿನ ಕಲ್ಲು ಹತ್ತನೆಯ ಶತಮಾನದ್ದು. ಹಂದಿಯೊಡನೆ ಕಾದಿ ಸತ್ತ ಕಾಳಿ ಎಂಬ ಬೇಟೆನಾಯಿಯ ನೆನಪಿಗೆ ನಿಲ್ಲಿಸಿದ ಕನ್ನಡ ಶಾಸನವದು. ನೊಳಂಬರು ಆಳಿ ಕನ್ನಡ ಶಾಸನ ಬಿಟ್ಟುಹೋದ ಧರ್ಮಪುರಿ ಸೀಮೆಯ ಮಕ್ಕಳು, ಹೊಲದ ಬದುವಿನಲ್ಲಿ ವೀರಗಲ್ಲುಗಳನ್ನು ಕಂಡು ಬೆಳೆದವರು, ಈ ನಾಯಿಯ ಕಲ್ಲನ್ನು ನೋಡಬಾರದೆ? ಇದೆಲ್ಲವೂ ನಡೆಯಬಲ್ಲ ಮಕ್ಕಳಿಗೆ ಎರಡು ದಿನದ ನಡಿಗೆ. ಕಾಲು ಸೋತರೆ ಮೆಟ್ರೋ ಉಂಟು.

ಇದಕ್ಕಿಂತ ದೊಡ್ಡ ಲಾಭ ಬೇರೊಂದಿದೆ. ನಮ್ಮ ಮಕ್ಕಳಿಗೆ ಕನ್ನಡ ಅಕ್ಷರವೆಂಬುದು ಪಠ್ಯಪುಸ್ತಕದೊಳಗಿನ ವಸ್ತು. ಅಂಗಡಿಯ ಹಲಗೆ, ಬಸ್ಸಿನ ಹಣೆ, ಅಂಚೆ ಕಚೇರಿಯ ಗೋಡೆ ಎಲ್ಲವೂ ಬೇರೆ ಲಿಪಿಯಲ್ಲಿ. ಅದು ಸಹಜ, ಅದಕ್ಕಾಗಿ ಯಾರನ್ನೂ ದೂರಬೇಕಾಗಿಲ್ಲ. ಆದರೆ ರಾತ್ರಿ ಊಟ ಮುಗಿಸಿ ವಸತಿಗೃಹಕ್ಕೆ ಮರಳುವ ಹುಡುಗಿಯೊಬ್ಬಳು ಔಷಧದ ಅಂಗಡಿಯ ಹೆಸರನ್ನು ತಡೆತಡೆದು ಓದಿ, ಓದಲು ಬಂದಿತೆಂದು ನಗುವಳಲ್ಲ, ಆ ನಗೆಯನ್ನು ನಾವು ಕಂಡಿದ್ದೇವೆ. ಬಸ್ಸಿನಲ್ಲಿ ಓಡುವಾಗ ಹಲಗೆಗಳನ್ನು ಓದಲಾಗದು. ನಡೆಯುವಾಗಲೇ ಓದಬೇಕು.

ಇಲ್ಲಿ ಒಂದು ಎಚ್ಚರಿಕೆ. “ನಿಲ್ದಾಣಕ್ಕೆ ಸಮೀಪ” ಎಂದು ಜಾಹೀರಾತು ಮಾಡುವವರ ಸಮೀಪವನ್ನು ನಂಬಬೇಡಿ. ಯಾವ ನಿಲ್ದಾಣಕ್ಕೆ ಎಂದು ಕೇಳಿ. ನಮ್ಮ ಸೇಲಂ ಪಟ್ಟಣವನ್ನೇ ತೆಗೆದುಕೊಳ್ಳಿ. ರೈಲಿನ ಜಂಕ್ಷನ್ ಇರುವುದು ಸೂರಮಂಗಲದಲ್ಲಿ. ಸುಗವನೇಶ್ವರ ದೇವಾಲಯ, ಕೋಟೆ ಮಾರಿಯಮ್ಮನ ಗುಡಿ, ಹಳೆಯ ಬಸ್ ನಿಲ್ದಾಣಗಳಿರುವ ಹಳೆಯೂರಿಗೆ ಅಲ್ಲಿಂದ ಸುಮಾರು 5 ಕಿಲೋಮೀಟರು. ಹೊಸ ಬಸ್ ನಿಲ್ದಾಣ ಇವೆರಡಕ್ಕೂ ಬೇರೆ. ಟೌನ್ ಎಂಬ ರೈಲು ನಿಲ್ದಾಣ ಮತ್ತೊಂದು. ಜಂಕ್ಷನ್ನಿನ ಎದುರು ಕೊಠಡಿ ಹಿಡಿದವನು ನಿಲ್ದಾಣಕ್ಕೆ ಸಮೀಪನೇ ಹೌದು, ಊರಿಗೆ ಪರದೇಶಿ. 1965ರಲ್ಲಿ ಧರ್ಮಪುರಿ ಜಿಲ್ಲೆ ಆಗುವವರೆಗೆ ಹೊಸೂರು ಸೀಮೆಯವರಿಗೆ ಜಿಲ್ಲಾ ಕಚೇರಿಯೆಂದರೆ ಸೇಲಂ. ಒಂದು ಕಾಗದದ ಕೆಲಸಕ್ಕೆ ಹೋಗಿ ಎರಡು ರಾತ್ರಿ ತಂಗಿ ಬರುತ್ತಿದ್ದ ಹಿರಿಯ ಉಪಾಧ್ಯಾಯರು ಕಚೇರಿಗೆ ಎಷ್ಟು ಹೆಜ್ಜೆ ಎಂಬುದನ್ನೇ ಮೊದಲು ವಿಚಾರಿಸುತ್ತಿದ್ದರಂತೆ. ಬೆಂಗಳೂರಿನ ಪುಣ್ಯವೆಂದರೆ ಅಲ್ಲಿ ರೈಲು, ಬಸ್ಸು, ಮೆಟ್ರೋ, ಹಳೆಯ ಪೇಟೆ ಎಲ್ಲವೂ ಒಂದೇ ಕಡೆ ಕೂಡಿರುವುದು.

ಈ ಕೂಡುವಿಕೆಯ ಬೆಲೆಯನ್ನು ನಮಗಿಂತ ಮೊದಲು ಕಂಡವರಿದ್ದರು. ಇಂದಿನ ಮೆಜೆಸ್ಟಿಕ್ ಬಸ್ ನಿಲ್ದಾಣದ ನೆಲ ಹಿಂದೆ ಧರ್ಮಾಂಬುಧಿ ಕೆರೆ. ಅದರ ಆಸುಪಾಸಿನಲ್ಲಿ, ರೈಲು ನಿಲ್ದಾಣದ ಎದುರಿಗೇ, ಗುಬ್ಬಿಯಿಂದ ಬಂದು ಮಾಮೂಲುಪೇಟೆಯಲ್ಲಿ ವ್ಯಾಪಾರ ಮಾಡಿದ ತೋಟದಪ್ಪನವರು ತಮ್ಮ ಗಳಿಕೆಯನ್ನು ಧಾರೆಯೆರೆದು 1903ರಲ್ಲಿ ಛತ್ರವನ್ನು ತೆರೆದರು. ಜೊತೆಗೆ ವಿದ್ಯಾರ್ಥಿ ನಿಲಯವನ್ನೂ ನಡೆಸಿದರು. ಅವರು ಮನಸ್ಸು ಮಾಡಿದ್ದರೆ ಊರ ಹೊರಗೆ ಇದರ ನಾಲ್ಕರಷ್ಟು ನೆಲವನ್ನು ಕೊಂಡು ದೊಡ್ಡ ಛತ್ರವನ್ನೇ ಕಟ್ಟಬಹುದಿತ್ತು. ರೈಲಿಳಿದ ಬಡವನು ಗಂಟು ಹೊತ್ತು ಎಷ್ಟು ದೂರ ನಡೆದಾನು ಎಂಬುದು ಆ ವ್ಯಾಪಾರಿಗೆ ತಿಳಿದಿತ್ತು. ಅತ್ತ ಮದರಾಸಿನಲ್ಲಿಯೂ ಹಾಗೆಯೇ. 1954ರಲ್ಲಿ ಸೀತಾರಾಮರಾಯರು ದಾಸಪ್ರಕಾಶವನ್ನು ಕಟ್ಟಿದ್ದು ಎಗ್ಮೋರ್ ನಿಲ್ದಾಣದ ಸಮೀಪದಲ್ಲಿ, ಪೂನಮಲ್ಲಿ ಹೆದ್ದಾರಿಯ ಮೇಲೆ. ಆ ಹೋಟೆಲು ಇಂದು ಇಲ್ಲ. ಪರಸ್ಥಳದಲ್ಲಿ ನಿಲ್ದಾಣದ ಬಳಿ ಹೋಟೆಲು ಕಟ್ಟಿ ಹೆಸರಾದ ಜನ ನಮ್ಮವರು. ನಮ್ಮದೇ ಮಕ್ಕಳನ್ನು ಮಾತ್ರ ಊರಾಚೆ ಮಲಗಿಸೋಣವೆನ್ನುವವರೂ ನಮ್ಮವರೇ!

ಮೆಜೆಸ್ಟಿಕ್ ಒಳ್ಳೆಯ ಜಾಗವಲ್ಲ ಎನ್ನುವರು. ಗದ್ದಲ ಉಂಟು, ಜೇಬುಗಳ್ಳರು ಉಂಟು, ತಿಗಣೆಯ ಹಾಸಿಗೆಯೂ ಉಂಟು, ಅಲ್ಲಗಳೆಯುವುದಿಲ್ಲ. ಅದಕ್ಕೆ ಮದ್ದು ಒಬ್ಬ ಉಪಾಧ್ಯಾಯರು ಒಂದು ವಾರ ಮುಂಚೆ ಹೋಗಿ ಹಾಸಿಗೆಯನ್ನು ಎತ್ತಿ ನೋಡಿ, ಹೆಣ್ಣುಮಕ್ಕಳ ಕೊಠಡಿಯ ಅಗುಳಿಯನ್ನು ಹಾಕಿ ತೆಗೆದು ನೋಡಿ ಬರುವುದು. ದಿನದ ಲೆಕ್ಕ ಬಂದ ಗಳಿಗೆಯಿಂದ 24 ಗಂಟೆಯೋ, ಮಧ್ಯಾಹ್ನ 12ಕ್ಕೆ ಮುಗಿಯುವುದೋ ಎಂಬುದನ್ನೂ ಕೇಳಿಕೊಳ್ಳಬೇಕು. ಊರಾಚೆಯ ನಿರ್ಜನವೇ ಹೆಣ್ಣುಮಕ್ಕಳಿಗೆ ಹೆಚ್ಚು ಕ್ಷೇಮವೆಂದು ಹೇಳುವವರು ಅಲ್ಲಿ ರಾತ್ರಿ ಹತ್ತಕ್ಕೆ ಒಂದು ಮಗುವಿಗೆ ಜ್ವರ ಬಂದರೆ ಏನು ಮಾಡುವರೋ ತಿಳಿಯದು.

ದುಬಾರಿಯೆಂಬ ದೂರು ಮಾತ್ರ ನಿಜವಾದದ್ದು. ಅದರ ಮೊನೆ ಮಕ್ಕಳ ಕಡೆಗಲ್ಲ, ಸರ್ಕಾರದ ಕಡೆಗೆ ತಿರುಗಬೇಕು. ದಿನಕ್ಕೆ ಸಾವಿರ ರೂಪಾಯಿಗಿಂತ ಕಡಮೆಯ ಕೊಠಡಿಗೆ ಮೊದಲು ತೆರಿಗೆಯಿರಲಿಲ್ಲ. 2022ರ ಜುಲೈ 18ರಿಂದ ಅದಕ್ಕೂ ನೂರಕ್ಕೆ 12ರಂತೆ ಹೇರಿದರು. 2025ರ ಸೆಪ್ಟೆಂಬರಿನಲ್ಲಿ ನೂರಕ್ಕೆ 5ಕ್ಕೆ ಇಳಿಸಿದರು. ಏಳು ಸಾವಿರದ ಕೊಠಡಿಯಲ್ಲಿ ಮಲಗುವವನಿಗೂ ಅದೇ 5, ಒಂಬೈನೂರರ ಕೊಠಡಿಯಲ್ಲಿ ನಾಲ್ವರು ಮಕ್ಕಳನ್ನು ಮಲಗಿಸುವ ಮೇಷ್ಟರಿಗೂ ಅದೇ 5. ರೈಲು ನಿಲ್ದಾಣದ ವಿಶ್ರಾಂತಿ ಕೊಠಡಿಗಳಿಗೆ 2024ರಲ್ಲಿ ವಿನಾಯಿತಿ ದೊರೆಯಿತು. ಪ್ರಯಾಣಿಕನ ದಣಿವಿಗೆ ತೆರಿಗೆ ಹಾಕಬಾರದೆಂದು ತಿಳಿದವರಿಗೆ, ನಿಲ್ದಾಣದ ಗೋಡೆಯಾಚೆ ಮಲಗುವ ಶಾಲಾ ಮಕ್ಕಳೂ ಪ್ರಯಾಣಿಕರೇ ಎಂಬುದು ಹೊಳೆಯದೆ ಹೋಯಿತೆ?

ಸರ್ಕಾರ ಕೇಳುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ನಮ್ಮ ಸಂಘಗಳು ನವೆಂಬರಿನಲ್ಲಿ ಶಾಲು, ಹಾರ, ಫಲತಾಂಬೂಲ, ಶಾಮಿಯಾನಗಳಿಗೆ ಮಾಡುವ ವೆಚ್ಚ ಎಲ್ಲರಿಗೂ ತಿಳಿದದ್ದೇ. ಹೊದಿಸಿದ ಶಾಲನ್ನು ಮುಂದಿನ ವರ್ಷ ಇನ್ನೊಬ್ಬರಿಗೆ ಹೊದಿಸುವುದನ್ನೂ ನಾವು ಬಲ್ಲೆವು. ಅದರಲ್ಲಿ ಅರ್ಧವನ್ನು ತೆಗೆದಿಟ್ಟರೆ ಒಂದು ಶಾಲೆಯ ಮಕ್ಕಳ ಒಂದು ರಾತ್ರಿಯ ಹಾಸಿಗೆಯ ಹಣ ಹುಟ್ಟುತ್ತದೆ. ಅರ್ಧವಾರ್ಷಿಕ ಪರೀಕ್ಷೆಯ ರಜೆಗೆ ಮುನ್ನ ಸೇರುವ ಸಭೆಯಲ್ಲಿ ಸನ್ಮಾನಿತರ ಪಟ್ಟಿಯನ್ನು ಓದುವ ಮೊದಲು ಈ ವಿಷಯವನ್ನು ಎತ್ತಬೇಕೆಂದು ಕೇಳುತ್ತೇವೆ. ಯಾವ ಶಾಲೆಯಿಂದ ಎಷ್ಟು ಮಕ್ಕಳು, ಅವರಲ್ಲಿ ಹೆಣ್ಣುಮಕ್ಕಳೆಷ್ಟು ಎಂಬ ವಿವರವನ್ನು ಉಪಾಧ್ಯಾಯ ಬಂಧುಗಳು ಬರೆದು ತರಲಿ. ಕೊಠಡಿ ನೋಡಿಬರಲು ನಾವು ಸಿದ್ಧ.