ಮಗುವಿನ ಉಪ್ಪನನ್ನೂ ಒಮ್ಮೆ ವಿಚಾರಿಸೋಣ

ಮಗು ಮೂರು ವರ್ಷವಾದರೂ ಮಾತಾಡದಿದ್ದರೆ ನಮ್ಮ ಮನೆಗಳಲ್ಲಿ ಮೊದಲ ಪ್ರಶ್ನೆ ಬೀಳುವುದು ಉಮ್ಮನ ಮೇಲೆ. ಅದು ಅನ್ಯಾಯ ಎಂದು ಈಗೀಗ ಒಪ್ಪಿಕೊಳ್ಳುತ್ತಿದ್ದೇವೆ. ಆದರೆ ಉಪ್ಪನ ವಿಷಯ ಬಂದಾಗ ಮಾತ್ರ 'ಗಂಡಸಲ್ವಾ, ಹೇಗೋ ನಿಭಾಯಿಸ್ತಾನೆ' ಅಂತ ಕೈಬಿಡುತ್ತೇವೆ.

ಘಟ್ಟ ಹತ್ತಿ ಬಂದು ಸಿಂಧನೂರು, ಮಸ್ಕಿ, ಲಿಂಗಸುಗೂರಿನಂಥ ಊರಲ್ಲಿ ಹೋಟೆಲೋ ಬೇಕರಿಯೋ ನಡೆಸುವ ತಂದೆಯೊಬ್ಬನನ್ನು ನೆನೆಸಿಕೊಳ್ಳಿ. ಮಗುವಿಗೆ ಆಟಿಸಂ. ಕರೆದರೆ ತಿರುಗುವುದಿಲ್ಲ, ಮಿಕ್ಸಿ ಸದ್ದಿಗೆ ಕಿವಿ ಮುಚ್ಚಿ ಕಿರುಚುತ್ತದೆ, ರಾತ್ರಿಯಿಡೀ ನಿದ್ದೆಯಿಲ್ಲ. ಆದರೂ ಬೆಳಗಿನ ಜಾವ ಶಟರ್ ಎತ್ತಲೇಬೇಕು. ಥೆರಪಿಗೆಂದು ರಾಯಚೂರಿಗೋ ಇನ್ನೂ ದೂರಕ್ಕೋ ಹೋದ ದಿನ ವ್ಯಾಪಾರವಿಲ್ಲ. ಅಣ್ಣತಮ್ಮಂದಿರೆಲ್ಲ ಕರಾವಳಿಯಲ್ಲಿ. ಫೋನಿನಲ್ಲಿ 'ಡಾಕ್ಟರ್ ಏನಂದ್ರು? ದೃಷ್ಟಿ ತೆಗೆಸಿದ್ಯಾ?' ಎನ್ನುವವರು ಹತ್ತು ಜನ. 'ನೀನು ಹೇಗಿದ್ದಿ ಮಾರಾಯ?' ಅನ್ನುವವರು ಯಾರು?

ಜುಮಾಕ್ಕೆ ಕರೆತಂದರೆ ಮಗು ಸಫ್‌ಗಳ ನಡುವೆ ಓಡುತ್ತದೆ, ಕೂಗುತ್ತದೆ. ನಮ್ಮಲ್ಲೊಬ್ಬರು ಗುರಾಯಿಸಿದರೆ ಸಾಕು, ಮುಂದಿನ ವಾರ ಅವನು ಮಗುವನ್ನು ತರುವುದಿಲ್ಲ. ಆಮೇಲೆ ಮದುವೆ ಮನೆಗೂ ಬರುವುದಿಲ್ಲ. ನಾವು ಅದಕ್ಕೆ ಅಹಂಕಾರ ಅಂತ ಹೆಸರಿಡುತ್ತೇವೆ.

'ಗಂಡಸರು ಕೂತು ದುಃಖ ತೋಡಿಕೊಳ್ಳೋದು ನಮ್ಮ ಪದ್ಧತಿಯಾ?' ಎಂದು ಕೇಳಬಹುದು. ಪದ್ಧತಿಯೇ. ಸಾವಿನ ಮನೆಯ ಜಗಲಿಯಲ್ಲಿ ನಾವು ಸುಮ್ಮನೆ ಹೋಗಿ ಕೂರುವುದಿಲ್ಲವೇ? ಈ ತಂದೆಗೂ ಬೇಕಾದದ್ದು ಅಷ್ಟೇ, ಜೊತೆಗೆ ಕೂರುವ ನಾಲ್ಕು ಜನ.

ಒಂದೊಂದು ಊರಲ್ಲಿ ಇಂಥ ತಂದೆಯರು ಕೆಲವರೇ ಇರಬಹುದು. ಆದರೆ ಮೂರೂ ಊರು ಒಂದೇ ದಾರಿಯಲ್ಲಿವೆ, ನಡುವೆ ಮಸ್ಕಿ. ತಿಂಗಳಿಗೊಂದು ರಾತ್ರಿ ಇಶಾ ಆದ ಮೇಲೆ ಅಲ್ಲಿ ಸೇರಲಿ. ಭಾಷಣ ಬೇಡ, ಚಾ ಸಾಕು. ಯಾವ ಜಾತಿಯ ತಂದೆ ಬಂದರೂ ಜಾಗವಿರಲಿ. ಥೆರಪಿಯ ದಿನ ಅವನ ಗಲ್ಲಾದಲ್ಲಿ ಅರ್ಧ ದಿನ ಕೂರಲು ನಮ್ಮ ಒಬ್ಬ ಹುಡುಗ ಹೋಗಲಿ. ಮಸೀದಿಯಲ್ಲಿ ಮಗು ಕೂಗಿದರೆ ಹಿರಿಯರೊಬ್ಬರು 'ಇರಲಿ ಬಿಡಿ, ನಮ್ಮದೇ ಮಗು' ಅನ್ನಲಿ.

ಓದು ಬಲ್ಲವರು ಕಾಗದಪತ್ರಕ್ಕೆ ನೆರವಾಗಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಆಟಿಸಂ ಕೂಡ ಇದೆ. ಯುಡಿಐಡಿ ಕಾರ್ಡಿಗೆ ತಾಲ್ಲೂಕು ಪಂಚಾಯಿತಿಯ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ. 'ನಿರಾಮಯ' ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಚಿಕಿತ್ಸಾ ವೆಚ್ಚ ಸಿಗುತ್ತದೆ, ಥೆರಪಿಯೂ ಅದರಲ್ಲಿ ಸೇರಿದೆ. ಮನಸ್ಸು ತೀರಾ ಕುಸಿದಾಗ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು.

ಇವೆಲ್ಲ ಆಗಲು ಸಮಯ ಹಿಡಿಯುತ್ತದೆ. ಒಂದು ಮಾತ್ರ ಈ ಶುಕ್ರವಾರವೇ ಆಗಬಹುದು. ನಮಾಝ್ ಮುಗಿದ ಮೇಲೆ ಚಪ್ಪಲಿ ಹಾಕಿಕೊಂಡು ಬೇಗ ಬೇಗ ಹೊರಡುವ ಆ ತಂದೆಯನ್ನು ನಿಲ್ಲಿಸೋಣ. ಮಗುವಿನ ವಿಷಯ ಆಮೇಲಿರಲಿ, ಮೊದಲು ಅವನನ್ನೇ ವಿಚಾರಿಸೋಣ.