ಬೆಳಗಾವಿಯ ಕುಲುಮೆಗಳು ಯಾವ ದಿಕ್ಕಿಗೆ?

ಬೆಳಗಾವಿಯ ಉದ್ದಿಮೆದಾರರು ಊರು ಬಿಡುತ್ತಿರುವರೆಂದು ಒಂದು ಪಕ್ಷದವರು ಕೂಗುತ್ತಾರೆ. ಇಲ್ಲ, ಹೊಸ ಬಂಡವಾಳವು ಹೊಳೆಯಾಗಿ ಹರಿದು ಬರುತ್ತಿರುವದೆಂದು ಸರಕಾರದ ಕಡೆಯವರು ಸಾರುತ್ತಾರೆ. ಎರಡೂ ಮಾತುಗಳಲ್ಲಿ ಒಂದಿಷ್ಟು ನಿಜವಿದೆ. ಎರಡರಲ್ಲಿಯೂ ಗದ್ದಲವೇ ಹೆಚ್ಚಾಗಿದೆ. ನಮ್ಮ ಮಟ್ಟಿಗೆ ಇದು ಬರಿಯ ವ್ಯಾಪಾರದ ಪ್ರಶ್ನೆಯಲ್ಲ. ಒಳನಾಡಿನ ಊರಿನಿಂದ ಒಂದು ಕಾರಖಾನೆಯು ನಾಲ್ಕೈದು ಹರದಾರಿ ಸರಿದರೆ ಅದು ನೆರೆಯ ತಾಲೂಕನ್ನು ಸೇರುವದು. ಬೆಳಗಾವಿಯಿಂದ ಅಷ್ಟೇ ದೂರ ಪಶ್ಚಿಮಕ್ಕೆ ಸರಿದರೆ ಅದು ಕರ್ನಾಟಕವನ್ನೇ ಬಿಟ್ಟಂತಾಗುವದು. ಏಕೀಕರಣಕ್ಕಾಗಿ ದುಡಿದವರು ನಕ್ಷೆಯ ಮೇಲೆ ಯಾವ ಗೆರೆಯನ್ನು 1956ರಲ್ಲಿ ಪಡೆದರೋ ಆ ಗೆರೆಯೊಳಗೆ ಅನ್ನವೂ ಉದ್ಯೋಗವೂ ನಿಲ್ಲದಿದ್ದರೆ ಗೆರೆಯು ಮಾತ್ರ ನಮ್ಮದಾಗಿ ಉಳಿಯುವದು.

ಊರು ಬಿಟ್ಟವರ ಮಾತು ಬಂದಾಗ ಬೆಳಗಾವಿಯು ಮೊದಲು ನೆನೆಯಬೇಕಾದವರು ಲಕ್ಷ್ಮಣರಾವ ಕಿರ್ಲೋಸ್ಕರರು. ಅವರು 1869ರಲ್ಲಿ ಇದೇ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದವರು. ಮುಂಬಯಿಯ ವಿಕ್ಟೋರಿಯಾ ಜ್ಯುಬಿಲಿ ಸಂಸ್ಥೆಯಲ್ಲಿ ಶಿಕ್ಷಕರಾಗಿದ್ದು, ತಮಗೆ ಸಲ್ಲಬೇಕಾದ ಬಡತಿಯು ತಪ್ಪಿದ ಕೂಡಲೆ ಆ ಕೆಲಸವನ್ನು ಒದ್ದು ಬೆಳಗಾವಿಗೆ ಬಂದರು. ಅಣ್ಣನೊಡನೆ ಸೈಕಲ್ಲಿನ ಅಂಗಡಿಯಿಟ್ಟರು. ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣವು ನೆಲಕ್ಕೆ ವಿಷವೆಂದು ರೈತರು ಹೆದರಿ ಆ ನೇಗಿಲನ್ನು ಬಹುಕಾಲ ಮುಟ್ಟಲಿಲ್ಲ. ರೈತರ ಅಂಜಿಕೆಯನ್ನು ಅವರು ಗೆದ್ದರು. ಗೆಲ್ಲಲಾರದೆ ಹೋದದ್ದು ಮುನಸಿಪಾಲಿಟಿಯನ್ನು. ಊರಿಗೆ ಹೊಸ ಬಡಾವಣೆ ಹಾಕಬೇಕಾಗಿದೆ, ಜಾಗ ತೆರವು ಮಾಡಿರಿ ಎಂದು ಅಪ್ಪಣೆಯಾಯಿತು. ಆ ಅಪ್ಪಣೆಯಲ್ಲಿ ಕಾಯದೆಯ ದೋಷವೇನೂ ಇದ್ದಿರಲಿಕ್ಕಿಲ್ಲ. ತನ್ನ ಸೀಮೆಯಲ್ಲಿ ಬಡಾವಣೆ ಹಾಕುವ ಅಧಿಕಾರವು ಮುನಸಿಪಾಲಿಟಿಗೆ ಇದ್ದೇ ಇದೆ. ಆದರೆ ಎಬ್ಬಿಸಿದವನನ್ನು ಮತ್ತೆಲ್ಲಿ ಕೂಡ್ರಿಸಬೇಕೆಂಬ ಚಿಂತೆಯು ಯಾರಿಗೂ ಹುಟ್ಟಲಿಲ್ಲ.

ಹುಟ್ಟಿದ್ದು ಔಂಧದ ಅರಸರಿಗೆ. ಔಂಧವೆಂದರೆ ನಕ್ಷೆಯ ಮೇಲೆ ಬೆರಳಿಟ್ಟರೆ ಮುಚ್ಚಿಹೋಗುವಷ್ಟು ಚಿಕ್ಕ ಸಂಸ್ಥಾನ. ಅದರ ಅಧಿಪತಿಗಳಾದ ಬಾಳಾಸಾಹೇಬ ಪಂತ ಪ್ರತಿನಿಧಿಯವರು ಕುಂಡಲ ಸ್ಟೇಶನ್ನಿನ ಹತ್ತಿರ ಪಾಪಾಸುಕಳ್ಳಿ ಬೆಳೆದು ಬಿದ್ದಿದ್ದ ಬರಡು ನೆಲವನ್ನೂ 10,000 ರೂಪಾಯಿ ಸಾಲವನ್ನೂ ಕೊಟ್ಟರು. 1910ರಲ್ಲಿ ಅಲ್ಲಿ ಕಿರ್ಲೋಸ್ಕರವಾಡಿಯು ಎದ್ದಿತು. ಆ ಮನೆತನದ ಉದ್ದಿಮೆಯು ಕನ್ನಡ ನೆಲಕ್ಕೆ ಮರಳಿ ಬಂದಿತು ನಿಜ. 1941ರಲ್ಲಿ ಹರಿಹರಕ್ಕೆ, 1946ರಲ್ಲಿ ಬೆಂಗಳೂರಿಗೆ. ಎರಡೂ ಮೈಸೂರು ಸಂಸ್ಥಾನದ ಊರುಗಳು. ಬೆಳಗಾವಿಗೆ ಅದು ಮರಳಲಿಲ್ಲ. (ಹರಿಹರದ ಲೇಥ್ ಕಾರಖಾನೆಯೂ ಈ ಶತಮಾನದ ಆರಂಭದಲ್ಲಿ ಮುಚ್ಚಿಹೋದದ್ದು ಬೇರೆಯೇ ಒಂದು ದುಃಖದ ಕಥೆ.) ಮುಂಬಯಿ ಇಲಾಖೆಯ ಬಾಲಕ್ಕೆ ಕಟ್ಟಿದ ಕನ್ನಡ ಜಿಲ್ಲೆಗಳಿಗೆ ಹೇಳುವವರು ಕೇಳುವವರು ಇರಲಿಲ್ಲವೆಂದು ನಮ್ಮ ಹಿರಿಯರು ಏಕೆ ಹಲುಬುತ್ತಿದ್ದರೆಂಬದಕ್ಕೆ ಈ ಒಂದು ಉದಾಹರಣೆಯೇ ಸಾಕಾಗಿದೆ.

ಈಗಿನ ಸ್ಥಿತಿಯೇನು? ಊರು ಬರಿದಾಗುತ್ತಿದೆಯೆಂದು ಹೇಳುವವರು ಒಮ್ಮೆ ಉದ್ಯಮಬಾಗದಲ್ಲಿ ತಿರುಗಾಡಿ ಬರಬೇಕು. ಅಲ್ಲಿ, ಮಚ್ಛೆಯಲ್ಲಿ, ಹೊನಗದಲ್ಲಿ ಎರಕದ ಕುಲುಮೆಗಳು ಉರಿಯುತ್ತಿವೆ. ಮೋಟಾರುಗಳಿಗೆ ಬೇಕಾಗುವ ಎರಕದ ಭಾಗಗಳು, ಹೈಡ್ರಾಲಿಕ್ ಪಂಪುಗಳು, ಕವಾಟಗಳು ಇಲ್ಲಿಂದ ದೇಶದ ನಾನಾ ಕಡೆಗೆ ಹೋಗುತ್ತವೆ. ಅಲ್ಯುಮಿನಾ ಕಾರಖಾನೆಯು 1969ರಿಂದ ಇದೆ. ಹುಕ್ಕೇರಿ ತಾಲೂಕಿನ ಹತ್ತರಗಿಯಲ್ಲಿ, ಹೆದ್ದಾರಿಯ ಪಕ್ಕದಲ್ಲಿ, ವಿಮಾನದ ಭಾಗಗಳನ್ನು ಕೊರೆದು ಏರ್‌ಬಸ್, ಬೋಯಿಂಗ್ ಕಂಪನಿಗಳಿಗೆ ಕಳಿಸುವ ವಿಶೇಷ ಆರ್ಥಿಕ ವಲಯವಿದೆ. ಕುಂದಾ ತಿಂದು ಬೆಳಗಾವಿಯನ್ನು ಹೊಗಳುವ ನಮ್ಮ ಬೆಂಗಳೂರಿನ ಸ್ನೇಹಿತರಲ್ಲಿ ಎಷ್ಟು ಜನರಿಗೆ ಇದು ಗೊತ್ತು?

ಹಾಗಾದರೆ ಓಡಿಹೋಗುವ ಮಾತು ಸುಳ್ಳೇ? ಪೂರ್ತಿ ಸುಳ್ಳಲ್ಲ. ಹಳೆಯ ಕಾರಖಾನೆಯು ಇದ್ದಲ್ಲಿಯೇ ಇರುತ್ತದೆ. ಅದು ಬೆಳೆದು ಎರಡನೆಯ ಶೆಡ್ಡು ಹಾಕುವ ಕಾಲ ಬಂದಾಗ ಯಜಮಾನನ ಕಣ್ಣು ಗಡಿಯಾಚೆ, ಚಂದಗಡ ತಾಲೂಕಿನ ಶಿನೋಳಿಯತ್ತ ಹೊರಳುತ್ತದೆ. ಮನೆಯು ಬೆಳಗಾವಿಯಲ್ಲಿ, ಮಕ್ಕಳ ಶಾಲೆಯು ಬೆಳಗಾವಿಯಲ್ಲಿ, ಹೊಸ ಬಂಡವಾಳವು ಮಾತ್ರ ಮಹಾರಾಷ್ಟ್ರದಲ್ಲಿ. ಇದು ಡಂಗುರ ಹೊಡೆದು ಹೋಗುವ ವಲಸೆಯಲ್ಲ. ಆದ್ದರಿಂದ ಯಾವ ಸರಕಾರದ ಲೆಕ್ಕದಲ್ಲಿಯೂ ಅದು ನಷ್ಟವೆಂದು ಕಾಣಿಸುವದಿಲ್ಲ.

ಇದಕ್ಕೆ ಅವರಲ್ಲಿ ದೇಶಾಭಿಮಾನ ಕಡಿಮೆಯೆಂದು ಬೈದರೆ ನಮ್ಮ ಸಿಟ್ಟು ತೀರಬಹುದು, ಕೆಲಸವಾಗದು. ಎರಕದ ಉದ್ದಿಮೆಯ ಲೆಕ್ಕವನ್ನು ನೋಡಿರಿ. ವಿದ್ಯುತ್ ಕುಲುಮೆಯಲ್ಲಿ ಒಂದು ಟನ್ ಕಬ್ಬಿಣವನ್ನು ಕರಗಿಸಬೇಕಾದರೆ ಹೆಚ್ಚುಕಡಿಮೆ 600 ಯುನಿಟ್ ವಿದ್ಯುತ್ತು ಬೇಕು. ಯುನಿಟ್ಟಿಗೆ ಒಂದೇ ರೂಪಾಯಿ ಏರಿದರೂ ಟನ್ನಿಗೆ 600 ರೂಪಾಯಿ ಹೋಯಿತು. ಕೊಳ್ಳುವವನು ಪುಣೆಯ ದೊಡ್ಡ ಕಂಪನಿ. ಅವನು ಬೆಲೆಯಲ್ಲಿ ಪೈಸೆ ಪೈಸೆಗೂ ಕಾದಾಡುವವನು. 2023ರ ಜೂನಿನಲ್ಲಿ ವಿದ್ಯುತ್ತಿನ ದರವು ಒಮ್ಮೆಲೆ ಏರಿದಾಗ ಈ ಭಾಗದ ಉದ್ದಿಮೆದಾರರು ಒಂದು ದಿವಸ ಕಾರಖಾನೆ ಮುಚ್ಚಿ ಬೀದಿಗಿಳಿದದ್ದು ಹಟದಿಂದಲ್ಲ.

ನಿವೇಶನದ ಮಾತು ವಿದ್ಯುತ್ತಿಗಿಂತ ಕೆಟ್ಟದು. ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯು 1966ರ ಕಾಯದೆಯ ಪ್ರಕಾರ ನೆಲವನ್ನು ಕೊಡುವದು ಸಾಮಾನ್ಯವಾಗಿ ಗುತ್ತಿಗೆಯ ಮೇಲೆ. ಕರಾರುಗಳನ್ನೆಲ್ಲ ತೀರಿಸಿದ ಮೇಲೆ ಕ್ರಯಪತ್ರ. ಕರಾರು ತಪ್ಪಲ್ಲ. ಅದಿಲ್ಲದಿದ್ದರೆ ಉದ್ದಿಮೆಯ ಹೆಸರಿನಲ್ಲಿ ನೆಲ ಹಿಡಿದು ಮಾರಿಕೊಳ್ಳುವ ಮಹಾಶಯರು ಹೆಚ್ಚುವರು. ಆದರೆ ಕರಾರು ತೀರಿಸಿದವನ ಕಾಗದವೂ ಮೇಜಿನಿಂದ ಮೇಜಿಗೆ ತಿರುಗುತ್ತ ಕೂತರೆ ಆ ನೆಲದ ಮೇಲೆ ಬ್ಯಾಂಕು ಸಾಲ ಕೊಡಲು ಅನುಮಾನಿಸುತ್ತದೆ. ವಕೀಲಿ ಮಾಡುವ ನಮಗೆ ಇಂಥ ಕಾಗದಗಳ ದರ್ಶನವು ಹೊಸದಲ್ಲ. ಆ ಮೇಜುಗಳಲ್ಲಿ ಕೊನೆಯದು ಇರುವದು 500 ಕಿಲೋಮೀಟರು ದೂರದ ಬೆಂಗಳೂರಿನಲ್ಲಿ.

ಇನ್ನು ನಮ್ಮವರಿಗೇ ಹಿತವಾಗದ ಒಂದು ಮಾತನ್ನು ಹೇಳಲೇಬೇಕು. 2022ರ ಡಿಸೆಂಬರದಲ್ಲಿ ಗಡಿಯ ತಂಟೆಯು ಕೆರಳಿ, ಹಿರೇಬಾಗೇವಾಡಿಯ ಹತ್ತಿರ ಮಹಾರಾಷ್ಟ್ರದ ವಾಹನಗಳ ಮೇಲೆ ಕಲ್ಲು ಬಿದ್ದವು. ಆ ಕಡೆ ನಮ್ಮ ಬಸ್ಸುಗಳಿಗೆ ಮಸಿ ಬಳಿದರು. ಗಡಿಯ ಪ್ರಶ್ನೆಯಲ್ಲಿ ನಮ್ಮ ಅಭಿಪ್ರಾಯವು ಸ್ಪಷ್ಟವಾಗಿದೆ: ಮಹಾಜನ ಆಯೋಗವು 1967ರಲ್ಲಿ ಬೆಳಗಾವಿಯನ್ನು ಕರ್ನಾಟಕದಲ್ಲಿಯೇ ಇರಿಸಿತು, ಅಲ್ಲಿಗೆ ಅದು ಮುಗಿಯಬೇಕಾಗಿತ್ತು. ಮಹಾರಾಷ್ಟ್ರವು 2004ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿದೆ. ಆ ವಾದವು ಅಲ್ಲಿಯೇ ನಡೆಯಲಿ. ಹೆದ್ದಾರಿಯ ಮೇಲೆ ಎಸೆದ ಕಲ್ಲು ಯಾವ ನ್ಯಾಯಾಲಯದಲ್ಲಿಯೂ ಸಾಕ್ಷ್ಯವಾಗದು. ಲಾರಿಯು ಎರಡು ದಿವಸ ನಿಂತರೆ ತಪ್ಪುವದು ಪುಣೆಯವನ ಊಟವಲ್ಲ, ಉದ್ಯಮಬಾಗದಲ್ಲಿ ದಿನಗೂಲಿಗೆ ಮರಳು ತುಂಬುವ ಬೈಲಹೊಂಗಲದ ಹುಡುಗನ ಊಟ.

ಆ ಹುಡುಗನಿಗೆ ಕೆಲಸ ಸಿಗಬೇಕೆಂಬ ಬೇಡಿಕೆಯು ನ್ಯಾಯವಾದದ್ದು. 2024ರ ಜುಲೈ ತಿಂಗಳಲ್ಲಿ ಸ್ಥಳೀಯರಿಗೆ ಆಡಳಿತದ ಹುದ್ದೆಗಳಲ್ಲಿ ನೂರಕ್ಕೆ 50, ಉಳಿದವುಗಳಲ್ಲಿ ಅದಕ್ಕೂ ಹೆಚ್ಚು ಪಾಲು ಮೀಸಲಿಡುವ ಮಸೂದೆಗೆ ಮಂತ್ರಿಮಂಡಲವು ಒಪ್ಪಿತು. ಉದ್ದಿಮೆದಾರರು ಹುಯ್ಯಲಿಟ್ಟ ಕೂಡಲೆ ಅದನ್ನು ತಡೆಹಿಡಿಯಿತು. ಆಂಧ್ರದ ಮಂತ್ರಿಗಳು ಅದೇ ವೇಳೆಗೆ ನಮ್ಮಲ್ಲಿಗೆ ಬನ್ನಿರೆಂದು ಕೈಬೀಸಿದರು. ಹರಿಯಾಣದ ಇಂಥದೇ ಕಾಯದೆಯನ್ನು ಅಲ್ಲಿಯ ಉಚ್ಚ ನ್ಯಾಯಾಲಯವು 2023ರ ನವಂಬರದಲ್ಲಿ ರದ್ದುಪಡಿಸಿದ್ದು ನಮ್ಮ ಮಸೂದೆ ಬರೆದವರಿಗೆ ತಿಳಿಯದ ಸಂಗತಿಯಲ್ಲ. ಗೆಲ್ಲಲಾರದ ದಾವೆಯನ್ನು ಹೂಡಿ ಕಕ್ಷಿದಾರನಿಗೆ ಭರವಸೆ ಕೊಡುವದು ನಮ್ಮ ವೃತ್ತಿಯಲ್ಲಿ ಒಳ್ಳೆಯ ಹೆಸರು ತರುವ ಕೆಲಸವಲ್ಲ, ರಾಜ್ಯಭಾರದಲ್ಲಿಯೂ ಅಷ್ಟೇ. ಸರಕಾರವು ಅಗ್ಗದ ನೆಲ, ತೆರಿಗೆಯ ವಿನಾಯಿತಿ ಕೊಡುವಾಗ ಕನ್ನಡಿಗರ ನೇಮಕವನ್ನೂ ಅವರ ತರಬೇತಿಯನ್ನೂ ಒಪ್ಪಂದದ ಷರತ್ತಾಗಿ ಬರೆಯಿಸಿಕೊಳ್ಳಲಿ, ವರ್ಷಕ್ಕೊಮ್ಮೆ ಲೆಕ್ಕ ಕೇಳಲಿ. ಕೊಟ್ಟದ್ದಕ್ಕೆ ಪ್ರತಿಯಾಗಿ ಕೇಳಿದ್ದನ್ನು ನ್ಯಾಯಾಲಯವು ಅಷ್ಟು ಸುಲಭವಾಗಿ ತಳ್ಳಿಹಾಕದು.

ಬೆಂಗಳೂರಿನ ಹೊಟ್ಟೆಯು ಈಗಾಗಲೆ ಬಿರಿಯುವಷ್ಟು ತುಂಬಿದೆ. ದೇವನಹಳ್ಳಿಯ ರೈತರು ವರ್ಷಗಟ್ಟಲೆ ಹೋರಾಡಿ, ವಿಮಾನೋದ್ದಿಮೆಗೆಂದು ಗುರುತಿಸಿದ್ದ 1,777 ಎಕರೆ ನೆಲವನ್ನು 2025ರ ಜುಲೈದಲ್ಲಿ ಉಳಿಸಿಕೊಂಡರು. ನಾವು ಆ ರೈತರನ್ನು ಅಭಿನಂದಿಸುತ್ತೇವೆ. ಆಗಲೂ ಆಂಧ್ರದಿಂದ ಕರೆ ಬಂದಿತು. ವಿಮಾನದ ಭಾಗಗಳನ್ನು ಆಗಲೇ ಮಾಡುತ್ತಿರುವ ಹತ್ತರಗಿಯ ಹೆಸರನ್ನು ಬೆಂಗಳೂರಿನವರು ಎಷ್ಟು ಗಟ್ಟಿಯಾಗಿ ಹೇಳಿದರು? ತಾಂತ್ರಿಕ ವಿಶ್ವವಿದ್ಯಾಲಯವು 1998ರಿಂದ ಬೆಳಗಾವಿಯಲ್ಲಿದೆ. ಅದರ ಪದವಿ ಪಡೆದ ಇಲ್ಲಿಯ ತರುಣನು ಪುಣೆಯ ಬಸ್ಸನ್ನೋ ಬೆಂಗಳೂರಿನ ರೈಲನ್ನೋ ಹತ್ತುತ್ತಾನೆ. ಧಾರವಾಡಕ್ಕೆ ಹೋಗುವ ರೈಲು ಇಂದಿಗೂ ಲೋಂಡೆಯನ್ನು ಸುತ್ತಿಯೇ ಹೋಗಬೇಕು. ಕಿತ್ತೂರಿನ ಮೇಲಿನ ನೇರ ದಾರಿಯು ಮಂಜೂರಾಗಿ ವರ್ಷಗಳು ಕಳೆದವು.

ಸುವರ್ಣ ವಿಧಾನಸೌಧವನ್ನು 2012ರಲ್ಲಿ ತೆರೆದಾಗ ಉತ್ತರದ ಜನರು ಹಿಗ್ಗಿದರು, ನಾವೂ ಹಿಗ್ಗಿದೆವು. ವರ್ಷಕ್ಕೆ ಹತ್ತೋ ಹನ್ನೆರಡೋ ದಿವಸ ಅಲ್ಲಿ ಅಧಿವೇಶನವು ಕೂಡುತ್ತದೆ, ಉಳಿದ ಕಾಲವೆಲ್ಲ ಆ ಕಟ್ಟಡವು ಹೆಚ್ಚಾಗಿ ಖಾಲಿಯೇ. ಕೈಗಾರಿಕಾ ನಿವೇಶನದ ಕ್ರಯಪತ್ರಕ್ಕೆ ಕೊನೆಯ ಸಹಿ ಹಾಕುವ ಅಧಿಕಾರವುಳ್ಳ ಒಬ್ಬ ಹಿರಿಯ ಅಧಿಕಾರಿಯನ್ನು ಆ ಖಾಲಿ ಕೋಣೆಗಳಲ್ಲಿ ಒಂದರಲ್ಲಿ ವರ್ಷವಿಡೀ ಕೂಡ್ರಿಸಲು ಹೊಸ ಕಾಯದೆಯು ಬೇಕಿಲ್ಲ, ಸರಕಾರದ ಒಂದು ಆಜ್ಞೆ ಸಾಕು. ಬರುವ ಚಳಿಗಾಲದ ಅಧಿವೇಶನದಲ್ಲಿ ಈ ಭಾಗದ ಶಾಸಕರು ಗದ್ದಲವನ್ನು ಬಿಟ್ಟು ಮೊದಲ ದಿವಸವೇ ಇದನ್ನು ಕೇಳಬೇಕು. ಯಾರು ಕೇಳಿದರು, ಮಂತ್ರಿಗಳು ಏನೆಂದು ಉತ್ತರಿಸಿದರು ಎಂಬದನ್ನು ನಾವು ಹೆಸರುಸಹಿತವಾಗಿ ಇದೇ ಪತ್ರಿಕೆಯಲ್ಲಿ ಅಚ್ಚು ಹಾಕಿಸುವೆವು.