ಅಗ್ಗದ ಯೂರಿಯಾ, ದುಬಾರಿ ಜಿಗಿಹುಳು

ಹೆಗ್ಗಡದೇವನಕೋಟೆ, ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪು ಬೆಳೆಗಾರರಿಗೆ ಸಾರಜನಕದ ಲೆಕ್ಕವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅದು ಹೆಚ್ಚಾದರೆ ಎಲೆ ಸಕಾಲಕ್ಕೆ ಮಾಗದು, ಬ್ಯಾರನ್‌ನಲ್ಲಿ ಹೊಂಬಣ್ಣ ಬಾರದು, ಹರಾಜಿನಲ್ಲಿ ದರ ಸಿಗದು. ಆದರೆ ಮಾವಿನ ತೋಟದ ವಿಷಯ ಬಂದಾಗ ಈ ಲೆಕ್ಕ ಮರೆತುಹೋಗುವುದುಂಟು. ಬೇರೆ ಬೆಳೆಗೆ ಹಾಕಿ ಮಿಕ್ಕ ಯೂರಿಯಾ ಮರದ ಬುಡಕ್ಕೆ ಬೀಳುತ್ತದೆ. ಹೂವಿನ ಕಾಲಕ್ಕೆ ಜಿಗಿಹುಳು ಮುತ್ತಿತೆಂದು ಔಷಧಿ ಅಂಗಡಿಗೆ ಓಡಬೇಕಾಗುತ್ತದೆ. ಈ ಎರಡಕ್ಕೂ ಇರುವ ನಂಟನ್ನು ರೈತ ಬಾಂಧವರು ಮನಗಾಣಬೇಕು.

ಸಾರಜನಕ ಅತಿಯಾದ ಮರ ಎಳೆ ಚಿಗುರನ್ನೇ ಹೆಚ್ಚಾಗಿ ಹೊರಡಿಸುತ್ತದೆ. ಚಿಗುರಿನ ರಸದಲ್ಲಿ ಅಮೈನೋ ಆಮ್ಲಗಳು ಹೆಚ್ಚುತ್ತವೆ. ರಸ ಹೀರುವ ಜಿಗಿಹುಳು, ಹಿಟ್ಟು ತಿಗಣೆಗಳಿಗೆ ಇದು ಪುಷ್ಟಿಕರ ಆಹಾರ. ಅವುಗಳ ಸಂತಾನ ಬೇಗ ಬೆಳೆಯುತ್ತದೆ. ರೆಂಬೆಗಳು ದಟ್ಟವಾಗಿ ಗಾಳಿ, ಬೆಳಕು ಆಡದಿದ್ದರೆ ಜಿಗಿಹುಳುವಿಗೆ ಅಲ್ಲೇ ನೆಲೆ. ಅದು ಸುರಿಸುವ ಸಿಹಿ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆದು ಎಲೆ, ಹೂಗೊಂಚಲು ಮಸಿಯಾಗುತ್ತವೆ. ನಿಂಬೆ ಗಿಡದಲ್ಲೂ ಎಲೆ ಕೊರೆಯುವ ಹುಳು ಮೊಟ್ಟೆಯಿಡುವುದು ಎಳೆ ಚಿಗುರಿನಲ್ಲೇ.

ತಪ್ಪೆಲ್ಲ ರೈತರದೇ ಅಲ್ಲ. 2010ರಲ್ಲಿ ಪೋಷಕಾಂಶ ಆಧಾರಿತ ಸಹಾಯಧನ ಪದ್ಧತಿ ಬಂದಾಗ ಯೂರಿಯಾವನ್ನು ಅದರಿಂದ ಹೊರಗಿಡಲಾಯಿತು. ಯೂರಿಯಾ ಅಗ್ಗವಾಗಿಯೇ ಉಳಿಯಿತು, ಪೊಟ್ಯಾಷ್ ದುಬಾರಿಯಾಯಿತು. ಅಗ್ಗದ ಚೀಲಕ್ಕೆ ಕೈ ಹೋಗುವುದು ಸಹಜ. ಆದರೆ ಔಷಧಿ, ಸಿಂಪಡಣೆಯ ಕೂಲಿ, ಉದುರಿದ ಹೂವು ಇವನ್ನೆಲ್ಲ ಸೇರಿಸಿ ನೋಡಿದರೆ ಆ ಯೂರಿಯಾ ಅಗ್ಗವೇನಲ್ಲ.

ಗೊಬ್ಬರವೇ ಬೇಡವೆಂದು ಇದರ ಅರ್ಥವಲ್ಲ. ಸೊರಗಿದ ಮರ ಫಸಲು ಕೊಡದು. ಹತ್ತು ವರ್ಷ ದಾಟಿದ ಮಾವಿನ ಮರಕ್ಕೆ ವರ್ಷಕ್ಕೆ 730 ಗ್ರಾಂ ಸಾರಜನಕ, 180 ಗ್ರಾಂ ರಂಜಕ, 680 ಗ್ರಾಂ ಪೊಟ್ಯಾಷ್ ಕೊಡುವುದು ಸಾಮಾನ್ಯ ಶಿಫಾರಸು. ಅಷ್ಟು ಸಾರಜನಕಕ್ಕೆ ಸುಮಾರು 1.6 ಕಿಲೋ ಯೂರಿಯಾ ಸಾಕು. ಸಾರಜನಕದಷ್ಟೇ ಪೊಟ್ಯಾಷ್ ಕೂಡ ಬೇಕೆಂಬುದನ್ನು ಗಮನಿಸಿ. ಮಣ್ಣು ಪರೀಕ್ಷೆ ಮಾಡಿಸಿ, ಹಾಕುವ ಕೊಟ್ಟಿಗೆ ಗೊಬ್ಬರವನ್ನೂ ಲೆಕ್ಕಕ್ಕೆ ಹಿಡಿದು ಈ ಪ್ರಮಾಣವನ್ನು ಹೊಂದಿಸಿಕೊಳ್ಳಬೇಕು. ಕೊಯ್ಲು ಮುಗಿದು ಮುಂಗಾರು ಹಿಡಿದಾಗ ಅರ್ಧ, ಅಕ್ಟೋಬರ್ ಒಳಗೆ ಉಳಿದರ್ಧ ಕೊಡಿ. ಬುಡಕ್ಕೆ ಸುರಿಯದೆ, ನಡುಹಗಲಿನ ನೆರಳಿನ ಅಂಚಿನಲ್ಲಿ ಪಾತಿ ತೆಗೆದು ಹಾಕಿ ಮಣ್ಣು ಮುಚ್ಚಿ. ಹೂವಿನ ಮುಂಚೆ ಯೂರಿಯಾ ಬೇಡ. ಒಣ, ಒತ್ತೊತ್ತಾದ ರೆಂಬೆಗಳನ್ನು ಸವರಿ.

ಹಣ್ಣುನೊಣ, ಕಾಂಡಕೊರಕಗಳು ಇದರಿಂದ ತೊಲಗುವುದಿಲ್ಲ. ಅವುಗಳಿಗೆ ಬೇರೆ ಕ್ರಮ ಬೇಕು. ಆದರೆ ಜಿಗಿಹುಳುವಿನ ಹತೋಟಿ ಸಿಂಪಡಣೆಯ ಪಂಪಿನಿಂದಲ್ಲ, ಗೊಬ್ಬರದ ಚೀಲ ಬಿಚ್ಚುವಾಗಲೇ ಆರಂಭವಾಗಬೇಕು. ಹೊಗೆಸೊಪ್ಪಿಗೆ ತೋರುವ ಎಚ್ಚರವನ್ನು ಮಾವಿಗೂ ತೋರಿದರೆ ಹಣವೂ ಉಳಿದೀತು, ಹೂವೂ ನಿಂತೀತು.